ದಾರ ಹಿಡಿದವಳು

ಪ್ರೇಮಕುಮಾರಿ ನನ್ನ ಜೊತೆ ಮೂಡಿಗೆರೆ ಕಾಲೇಜಿನಲ್ಲಿ ಬಿ.ಎ. ಓದಿದವಳು. ಬಣಕಲ್‌ನಲ್ಲಿ ನಾನು ಬಸ್ಸಿಗೆ ಬರುವಷ್ಟರಲ್ಲಿ ಅವಳು ಆಗಲೇ ಎರಡು ಮೈಲಿ ನಡೆದು ಬಂದು, ಸೀರೆಯಂಗಡಿಯ ಜಗುಲಿಯ ಮೇಲೆ ಕೊಡೆ ಮಡಚಿಕೊಂಡು ನಿಂತಿರುತ್ತಿದ್ದಳು. ಅವಳ ಅಪ್ಪ ಓಂಕಾರಪ್ಪ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಿಡಿಯುವುದು, ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುವುದು, ಸಾಹುಕಾರರು ಕರೆದಾಗ ಹೋಗಿ ನಿಲ್ಲುವುದು ಅವರ ಕೆಲಸ. ಎಸ್ಟೇಟ್ ಕೊಟ್ಟ ಎರಡು ಕೋಣೆಯ ಮನೆಯಲ್ಲೇ ಪ್ರೇಮ ಹುಟ್ಟಿ ಬೆಳೆದಿದ್ದಳು.

ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಅವಳಿಗೆ ಎಂಬತ್ತೊಂಬತ್ತು ಬಂದಿತ್ತು. ಆದರೂ ಓಂಕಾರಪ್ಪ ಪಿಯುಸಿಗೆ ಆರ್ಟ್ಸ್ ಕೊಡಿಸಿದರು. ಸೈನ್ಸ್ ಅಂದರೆ ಲ್ಯಾಬು, ಟ್ಯೂಷನ್ನು, ಸಂಜೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಒಬ್ಬಳೇ ಬರುವುದು. ಅದೆಲ್ಲ ಬೇಡ ಎಂದರು. ಅವಳು ಹಟ ಮಾಡಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ತೆಗೆದುಕೊಂಡು ಅಚ್ಚುಕಟ್ಟಾಗಿ ಓದುತ್ತಿದ್ದಳು. ಆದರೆ ಕಾಲೇಜಿನ ಲ್ಯಾಬಿನ ಮುಂದೆ ಹಾದು ಹೋಗುವಾಗ ಮಾತ್ರ ನಡಿಗೆ ನಿಧಾನ ಮಾಡುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಎಸ್ಟೇಟಿನ ಸಾಹುಕಾರ ಶಂಕರೇಗೌಡರ ಮಗಳು ಕೃತಿಕಾ ಕಾಮಾಲೆ ಆಗಿ ಬೆಂಗಳೂರಿನಿಂದ ಮನೆಗೆ ಬಂದಳು. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಅವಳು ಸಾಹಿತ್ಯದ ವಿದ್ಯಾರ್ಥಿನಿ. ಏನೇ ಓದಲಿ, ಪ್ರತಿಯೊಬ್ಬರೂ ಒಂದು ವಿಜ್ಞಾನದ ಕೋರ್ಸ್ ಮುಗಿಸಲೇಬೇಕು ಎಂಬುದು ಆ ಕಾಲೇಜಿನ ನಿಯಮ. ಅವಳ ಪಾಲಿಗೆ ಬಂದದ್ದು ಗಣಿತ ಅಷ್ಟಾಗಿ ಬೇಡದ, ವಿಜ್ಞಾನ ಓದದವರಿಗಾಗಿಯೇ ಮಾಡಿದ ಭೌತಶಾಸ್ತ್ರ. ಪಾಠ, ಪ್ರಶ್ನೆ, ಉತ್ತರ ಎಲ್ಲ ಇಂಟರ್‌ನೆಟ್ಟಿನಲ್ಲೇ. ಮನೆಯಲ್ಲಿ ಪ್ರಯೋಗ ಮಾಡಲು ಥರ್ಮಾಮೀಟರು, ಮಸೂರ, ಅಯಸ್ಕಾಂತ ಇದ್ದ ಒಂದು ಪೆಟ್ಟಿಗೆ ಕೊರಿಯರಿನಲ್ಲಿ ಬಂತು. ಸಾಹುಕಾರರ ಬಂಗಲೆಗೆ ಆ ವರ್ಷವಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು.

ಒಂದು ದಿನ ಓಂಕಾರಪ್ಪ ಮಗಳಿಗೆ ಹೇಳಿದರು. "ಪಾಪ, ಆ ಹುಡುಗಿಗೆ ಒಬ್ಳಿಗೇ ಬೇಜಾರಂತೆ. ಕಾಲೇಜು ಮುಗಿಸ್ಕಂಡು ಬಂದ್ಮೇಲೆ, ಭಾನುವಾರ, ಸ್ವಲ್ಪ ಹೊತ್ತು ಹೋಗಿ ಕೂತ್ಕೊ. ನಿಂಗೂ ಕಂಪ್ಯೂಟ್ರು ನೋಡ್ದಂಗಾಗ್ತದೆ."

ಅವಳು ಹೋದಳು.

ಮೊದಲ ಪಾಠದಲ್ಲಿ ಒಂದು ಪ್ರಶ್ನೆ ಇತ್ತು. ವಾಹನ ಎಡಕ್ಕೆ ತಿರುಗಿದಾಗ ಒಳಗಿದ್ದವರು ಬಲಕ್ಕೆ ವಾಲುತ್ತಾರಲ್ಲ, ಅವರನ್ನು ತಳ್ಳುವುದು ಯಾವುದು? ಕೃತಿಕಾ ಏನೋ ಒಂದು ಒತ್ತಿ ಮುಂದೆ ಹೋಗುವುದರಲ್ಲಿದ್ದಳು. ಪ್ರೇಮ ತಡೆದು, ಪರದೆಯ ಮೇಲಿನ ವಿವರಣೆಯನ್ನು ಕಿಸೆ ನಿಘಂಟು ಇಟ್ಟುಕೊಂಡು ಎರಡು ಸಲ ಓದಿದಳು. ಯಾವುದೂ ತಳ್ಳುವುದಿಲ್ಲ, ನಮ್ಮ ಮೈ ನೆಟ್ಟಗೆ ಹೋಗಲು ನೋಡುತ್ತಿರುತ್ತದೆ, ಬಸ್ಸೇ ನಮ್ಮ ಅಡಿಯಿಂದ ತಿರುಗಿಕೊಂಡು ಹೋಗುತ್ತದೆ ಎಂದು ಅಲ್ಲಿ ಬರೆದಿತ್ತು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಕಂಬಿ ಹಿಡಿಯದೆ ನಿಂತಳು. ತಿರುವಿನಲ್ಲಿ ನನ್ನ ಮೇಲೆ ಬಿದ್ದಳು.

"ವಂದನಾ, ನಾನು ನಿನ್ನ ಮೇಲೆ ಬೀಳ್ಲಿಲ್ಲ ಮಾರಾಯ್ತಿ. ನಾನು ನೆಟ್ಟಗೇ ಹೋಗ್ತಿದ್ದೆ. ನೀನೇ ಅಡ್ಡ ಬಂದೆ" ಎಂದಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹೀಗೆ ಶುರುವಾಯಿತು. ಪ್ರತಿ ವಾರ ಒಂದು ಪಾಠ, ಒಂದು ಪ್ರಯೋಗ, ಮೂರು ಪುಟದ ವರದಿ. ಪ್ರಯೋಗ ಪ್ರೇಮಳದು, ಇಂಗ್ಲಿಷ್ ಕೃತಿಕಾಳದು. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಡುವ ಪ್ರಯೋಗಕ್ಕೆ ಮೊದಲು, ಭಾರದ ಕಲ್ಲು ಬೇಗ ತೂಗುತ್ತದೆ ಎಂದು ಪ್ರೇಮ ಬರೆದಿಟ್ಟಿದ್ದಳು. ಗೋದಾಮಿನ ತೊಲೆಗೆ ದಾರ ಕಟ್ಟಿ ನೋಡಿದರೆ ಸಣ್ಣ ಕಲ್ಲಿಗೂ ದೊಡ್ಡ ಕಲ್ಲಿಗೂ ಹಿಡಿದದ್ದು ಒಂದೇ ಹೊತ್ತು. ಅವಳು ನಂಬಲಿಲ್ಲ. ನಲವತ್ತು ಸಲ ಮಾಡಿದಳು. ಕೊನೆಗೆ ದಾರ ಗಿಡ್ಡ ಮಾಡಿದಾಗ ಮಾತ್ರ ಹೊತ್ತು ಬದಲಾಯಿತು. ತನ್ನ ಅಂದಾಜು ತಪ್ಪಾದದ್ದಕ್ಕೆ ಒಬ್ಬರು ಇಷ್ಟು ಖುಷಿಪಡುವುದನ್ನು ನಾನು ಕಂಡದ್ದು ಅವಳಲ್ಲೇ.

ಇನ್ನೊಂದು ವಾರ ಹಿತ್ತಾಳೆ ಚೊಂಬು ಮತ್ತು ಮರದ ಮಣೆ. ಬೆಳಿಗ್ಗೆ ಮುಟ್ಟಿದರೆ ಚೊಂಬು ತಣ್ಣಗೆ, ಮಣೆ ಬೆಚ್ಚಗೆ. ಥರ್ಮಾಮೀಟರು ಇಟ್ಟರೆ ಎರಡಕ್ಕೂ ಇಪ್ಪತ್ತೊಂದು ಡಿಗ್ರಿ. ಹಿತ್ತಾಳೆ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ, ಅದಕ್ಕೆ ಕೈಗೆ ಹಾಗೆ ಅನ್ನಿಸುತ್ತದೆ. ಇದನ್ನು ಮನೆಯಲ್ಲಿ ಹೇಳಿದರೆ ಅವಳ ಅಮ್ಮ ರುಕ್ಮಿಣಮ್ಮ ಒಪ್ಪಲಿಲ್ಲ. "ನನ್ನ ಕೈ ಸುಳ್ಳು ಹೇಳ್ತದಾ?" ಎಂದರು. "ಕೈ ಸುಳ್ಳು ಹೇಳಲ್ಲ ಅಮ್ಮ, ಬೇರೆ ಏನೋ ಹೇಳ್ತದೆ" ಎಂದು ಪ್ರೇಮ ವಾದಕ್ಕೆ ನಿಂತಳಂತೆ.

ಕೃತಿಕಾ ಕೆಟ್ಟವಳಾಗಿರಲಿಲ್ಲ. ಕಾಮಾಲೆಯ ಪಥ್ಯದ ಗಂಜಿ ಕುಡಿಯುತ್ತಾ, ಪ್ರೇಮಳಿಗೆ ಕೇಕು ಕೊಡುತ್ತಿದ್ದಳು. 'ಕೃತಿಕಾ ಅವ್ರೇ' ಎನ್ನುತ್ತಿದ್ದವಳನ್ನು 'ಬರೀ ಕೃತಿಕಾ ಅನ್ನು' ಎಂದು ಒತ್ತಾಯ ಮಾಡಿದ್ದಳು. ಐದನೇ ವಾರದಲ್ಲಿ ಅವಳೇ ಹೇಳಿದಳು.

"ಕೋರ್ಸ್ ಮುಗಿಯೋ ಹೊತ್ತಿಗೆ ಶ್ರೀಹರಿ ಸರ್‌ಗೆ ನಿನ್ನ ಹೆಸರು ಬರೀತೀನಿ. ಇಬ್ರೂ ಸೇರಿ ಮಾಡಿದ್ವಿ ಅಂತ. ನಿಂಗೂ ಒಂದು ಲೆಟರ್ ಕೊಡಿ ಅಂತ ಕೇಳ್ತೀನಿ. ಅವ್ರು ತುಂಬ ಒಳ್ಳೇವ್ರು, ಕೊಡ್ತಾರೆ."

ಶ್ರೀಹರಿ ಆ ಕೋರ್ಸ್ ನಡೆಸುತ್ತಿದ್ದ ಮೇಷ್ಟ್ರು. ಪ್ರೇಮ ತಾನಾಗಿ ಕೇಳಿ ಪಡೆದ ಮಾತಲ್ಲ ಅದು. ಕೇಳಿಸಿಕೊಂಡ ಮೇಲೆ ಮಾತ್ರ ಅದನ್ನು ಬಿಡಲು ಅವಳಿಂದ ಆಗಲಿಲ್ಲ. ಆ ಪತ್ರದಿಂದ ಏನೂ ಆಗುವುದಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. "ಆದ್ರೂ ನಾನು ಫಿಸಿಕ್ಸ್ ಕಲ್ತಿದೀನಿ ಅಂತ ಒಬ್ರು ಬರೆದು ಕೊಟ್ಟಂಗಾಗ್ತದಲ್ಲ" ಎಂದು ಬಸ್ಸಿನಲ್ಲಿ ಮೂರು ನಾಲ್ಕು ಸಲ ಹೇಳಿದಳು.

ಚೊಂಬು ಮಣೆಯ ವರದಿಯನ್ನು ಶ್ರೀಹರಿ ಮೇಷ್ಟ್ರು ಇಡೀ ತರಗತಿಗೆ ಕಾಣುವ ಪುಟದಲ್ಲಿ ಹಾಕಿ ಹೊಗಳಿದರು. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದರು. ಪ್ರತಿ ವಾರ ಕೈಯಲ್ಲಿ ಬರೆದ ಕೋಷ್ಟಕದ ಫೋಟೋ ಕಳಿಸಬೇಕಿತ್ತು. ಆ ಬರಹ ಮತ್ತು ಸಹಿಯ ಬರಹ ಬೇರೆ ಬೇರೆ ಕಾಣುತ್ತಿದೆಯಲ್ಲ, ಕೋಷ್ಟಕ ಬರೆದವರು ಯಾರು?

ಆ ಶನಿವಾರ ಮಧ್ಯಾಹ್ನ ಪ್ರೇಮ ಬಂಗಲೆಗೆ ಹೋದಾಗ ಕೃತಿಕಾ ಒಳಗೆ ಊಟಕ್ಕೆ ಕೂತಿದ್ದಳು. ಕಂಪ್ಯೂಟರ್ ಹಾಗೇ ತೆರೆದಿತ್ತು. ಪ್ರಶ್ನೆ ಇತ್ತು, ಕೆಳಗೆ ಕೃತಿಕಾ ಕೊಟ್ಟ ಉತ್ತರವೂ ಇತ್ತು. 'ನಮ್ಮ ಕೆಲಸದವರ ಮಗಳು. ದಾರ ಹಿಡಿದುಕೊಳ್ಳುತ್ತಾಳೆ, ನಾನು ಹೇಳಿದ ಅಂಕಿ ಬರೆಯುತ್ತಾಳೆ. ಅವಳು ಇದನ್ನೆಲ್ಲ ಕಾಂಪ್ರಿಹೆಂಡ್ ಮಾಡಲಾರಳು, ಆದರೆ ಅವಳ ಕೈ ನಡುಗುವುದಿಲ್ಲ.' ಇಂಗ್ಲಿಷಿನ ಆ ಮೂರು ಸಾಲಿನಲ್ಲಿ ಅವಳಿಗೆ ಗೊತ್ತಿಲ್ಲದ ಪದ ಅದೊಂದೇ. ಚೀಲದಿಂದ ನಿಘಂಟು ತೆಗೆದು ನೋಡಿದಳು. ಗ್ರಹಿಸು, ಅರ್ಥ ಮಾಡಿಕೊಳ್ಳು ಎಂದಿತ್ತು.

ನಿಘಂಟನ್ನು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಮನೆಗೆ ಬಂದಳು. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಕೋರ್ಸಿನ ಕೊನೆಯ ಪ್ರಯೋಗ ಬಾಕಿ ಇತ್ತು. ಬುಧವಾರ ಸಂಜೆ ರೈಟರ ಮನೆಯ ಮುಂದೆ ಜೀಪು ನಿಂತಿತು. ಕೃತಿಕಾ ಇಳಿಯಲಿಲ್ಲ, ಒಳಗಿಂದಲೇ ಕರೆದಳು.

"ಏನಾಯ್ತು ಪ್ರೇಮ? ಹುಷಾರಿಲ್ವಾ? ಸೋಮವಾರ ಕೊನೇ ದಿನ."

"ನೀವು ಸರ್‌ಗೆ ಬರ್ದಿದ್ದು ಓದಿದೆ" ಎಂದಳು ಪ್ರೇಮ. ಮತ್ತೆ 'ನೀವು' ಬಂದಿತ್ತು.

"ಬೇರೆ ಏನು ಬರೀಲಿ ಹೇಳು. ನಿಜ ಬರ್ದಿದ್ರೆ ನನ್ನ ಫೇಲ್ ಮಾಡ್ತಿದ್ರು. ಅದು ನಿನ್ನ ಬಗ್ಗೆ ಬರ್ದಿದ್ದಲ್ಲ. ತಪ್ಪು ತಿಳೀಬೇಡ."

ಜೀಪು ಹೋದ ಮೇಲೆ ಓಂಕಾರಪ್ಪ ಒಳಗೆ ಬಂದರು. ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿದರು.

"ನಾಳೆ ಹೋಗಿ ಅದೊಂದು ಮುಗಿಸ್ಕೊಟ್ಟು ಬಾ" ಎಂದರು.

"ಅಪ್ಪಾ, ಅವ್ರು ನಂಗೆ ಅರ್ಥ ಆಗಲ್ಲ ಅಂತ ಬರ್ದಿದಾರೆ."

"ಬರೀಲಿ ಬಿಡು. ನಿನ್ನ ಹೆಸರು ಬರೀತಾರೆ ಅಂತ ನಾನೇನು ನಂಬಿರ್ಲಿಲ್ಲ."

"ಮತ್ತೆ ನನ್ನ ಯಾಕೆ ಕಳ್ಸಿದ್ರಿ?"

ಓಂಕಾರಪ್ಪ ಗೋಡೆ ನೋಡಿದರು. ಆಮೇಲೆ ಹೇಳಿದರು. ಅವಳನ್ನು ಬಂಗಲೆಗೆ ಕಳಿಸುವ ಮೊದಲೇ ಶಂಕರೇಗೌಡರು ಅವರನ್ನು ಕರೆದು ಕೇಳಿದ್ದರು. ನಮ್ಮ ಹುಡುಗಿಗೆ ಆ ವಿಷಯ ತಲೆಗೆ ಹತ್ತುವುದಿಲ್ಲ, ನಿಮ್ಮ ಮಗಳು ಚುರುಕಂತೆ, ಮಾಡಿಕೊಡಲಿ, ಆದರೆ ಹೊರಗೆ ಗೊತ್ತಾಗುವುದು ಬೇಡ ಎಂದಿದ್ದರು. ಇವರು ಆಗಲಿ ಎಂದಿದ್ದರು. ಬೇಜಾರಂತೆ, ಜೊತೆಗೆ ಕೂತ್ಕೊ ಎಂದದ್ದು ಇವರೇ ಕಟ್ಟಿದ ಮಾತು.

"ಅಷ್ಟೂ ವಾರ ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ. ನೀನು ಖುಷಿಯಾಗಿದ್ದೆ. ಅದಕ್ಕೆ ಸುಮ್ಮನಾದೆ."

ಕೃತಿಕಾಳ ಮಾತಿಗಿಂತ ಇದು ಅವಳಿಗೆ ಆಳಕ್ಕೆ ಹೋಯಿತು. ನನಗೆ ಅವಳು ಹೇಳಿದ್ದು ಹೀಗೆ: ಕೃತಿಕಾ ಮೋಸ ಮಾಡಿದ್ದು ಅವಳ ಮಾರ್ಕ್ಸಿಗೋಸ್ಕರ, ನಮ್ಮಪ್ಪ ನನ್ನ ಖುಷಿ ನೋಡ್ಕೊಂಡೇ ಮೋಸ ಮಾಡಿದ್ರು.

ಆದರೂ ಗುರುವಾರ ಅವಳು ಹೋದಳು. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಅದಕ್ಕೆ. ಬಿಸಿನೀರು ಮಣ್ಣಿನ ಕುಡಿಕೆಯಲ್ಲಿ ಬೇಗ ಆರುತ್ತದೋ, ಹಿತ್ತಾಳೆ ಚೊಂಬಿನಲ್ಲೋ ಎನ್ನುವುದು ಕೊನೆಯ ಪ್ರಯೋಗ. ಐದೈದು ನಿಮಿಷಕ್ಕೆ ಥರ್ಮಾಮೀಟರು ನೋಡಿ ಬರೆಯಬೇಕು. ಮನಸ್ಸಿಗೆ ಬಂದ ಅಂಕಿ ಬರೆದು ಇಡೀ ವರದಿಯನ್ನೇ ಹಾಳು ಮಾಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಹೋಗಿದ್ದಳು. ಅರವತ್ತೆಂಟು ಡಿಗ್ರಿ ತೋರಿಸುವಾಗ ಎಪ್ಪತ್ತೈದು ಎಂದು ಬರೆಯಲು ಪೆನ್ನು ಇಟ್ಟಳು. ಆಗಲಿಲ್ಲ. ಅರವತ್ತೆಂಟು ಎಂದೇ ಬರೆದಳು. ಎರಡು ಗಂಟೆ ಕಾಲ ಕೂತು ಸರಿಯಾದ ಅಂಕಿಗಳನ್ನೇ ತುಂಬಿಸಿ, ಕಾಗದದ ಕೆಳಗೆ ಕನ್ನಡದಲ್ಲಿ ಬರೆದಳು: ಅಳೆದವಳು, ಪ್ರೇಮಕುಮಾರಿ.

ಕೃತಿಕಾ ಕಾಗದ ತೆಗೆದುಕೊಂಡಳು, ಓದಿದಳು. ಕೆಳಗಿನ ಎರಡು ಬೆರಳಗಲವನ್ನು ಹಿಂದಕ್ಕೆ ಮಡಚಿ, ಉಗುರಿನಿಂದ ಗೀರಿ, ಮೇಜಿನ ಮೇಲಿಟ್ಟು ಫೋಟೋ ತೆಗೆದಳು. ಪ್ರೇಮ ಎದುರಿಗೇ ನಿಂತಿದ್ದಳು.

ಮಾರನೇ ದಿನ ಅವಳು ನನ್ನನ್ನು ಕರೆದುಕೊಂಡು ಮೂಡಿಗೆರೆಯ ಸೈಬರ್ ಕೆಫೆಗೆ ಹೋದಳು. ಶ್ರೀಹರಿ ಮೇಷ್ಟ್ರ ವಿಳಾಸ ಅವಳ ನೋಟ್‌ಬುಕ್ಕಿನಲ್ಲಿತ್ತು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಬರೆದಳು. ಯಾವ ಯಾವ ಪ್ರಯೋಗ ತಾನು ಮಾಡಿದ್ದು, ಎಲ್ಲಿ ತನ್ನ ಅಂದಾಜು ತಪ್ಪಿತು, ಯಾಕೆ ತಪ್ಪಿತು ಎಂದು ವಿವರಿಸಿದಳು. ಕೃತಿಕಾಳನ್ನು ಫೇಲ್ ಮಾಡಬೇಡಿ ಎಂದೂ ಬರೆದಳು. 'ನನಗೆ ಅರ್ಥವಾಗಿದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು' ಎಂಬುದು ಕೊನೆಯ ಸಾಲು. ಅದನ್ನು ಬರೆಯಬೇಡ ಎಂದು ನಾನು ಹೇಳಿದೆ. ಕೇಳಲಿಲ್ಲ.

ನಾಲ್ಕು ದಿನದ ಮೇಲೆ ಉತ್ತರ ಬಂತು. ಸಭ್ಯವಾಗಿತ್ತು. ವಿದ್ಯಾರ್ಥಿನಿಯನ್ನು ವಿಚಾರಿಸಿದ್ದೇನೆ, ನೀವು ನೆರವಾದದ್ದನ್ನು ಆಕೆ ಒಪ್ಪಿದ್ದಾರೆ, ಮನೆಯ ಪ್ರಯೋಗದಲ್ಲಿ ಇನ್ನೊಬ್ಬರ ನೆರವು ಪಡೆಯುವುದು ತಪ್ಪಲ್ಲ, ವಿಜ್ಞಾನದ ಬಗ್ಗೆ ನಿಮ್ಮ ಆಸಕ್ತಿ ಹೀಗೇ ಮುಂದುವರಿಯಲಿ ಎಂದಿತ್ತು. ಅವಳು ಬರೆದ ಪ್ರಯೋಗಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಅವಳು ಪತ್ರವನ್ನು ಎರಡು ಸಲ ಓದಿ ಎದ್ದಳು. "ಓದ್ಲೇ ಇಲ್ಲ ಅವ್ರು" ಎಂದಳು.

ವಿಚಾರಿಸಿದ್ದರ ಫಲ ಮನೆಯಲ್ಲಿ ಕಾದಿತ್ತು. ಶಂಕರೇಗೌಡರು ಹಾಜರಿಯ ಹೊತ್ತಿನಲ್ಲಿ, ಆಳುಗಳೆಲ್ಲ ನಿಂತಿದ್ದಾಗ, "ಏನ್ ರೈಟ್ರೇ, ನಮ್ಮನೆ ವಿಷಯ ನಿಮ್ಮನೆಯಿಂದ ಬೆಂಗ್ಳೂರಿಗೆ ಹೋಗ್ತಿದೆಯಂತೆ" ಎಂದಷ್ಟೇ ಕೇಳಿದ್ದರು. ಬೈಯಲಿಲ್ಲ. ಅದರ ಮೇಲೆ ಓಂಕಾರಪ್ಪ ಮಗಳಿಗೆ ಬಂಗಲೆಗೆ ಬಂದು ತಪ್ಪಾಯಿತು ಎನ್ನಲು ಹೇಳಿದರು. ಅವಳು ಬರುವುದಿಲ್ಲ ಎಂದಳು. ಅವರು ಒಬ್ಬರೇ ಹೋಗಿ, ಅವಳ ಪರವಾಗಿ ತಪ್ಪಾಯಿತು ಎಂದು ಬಂದರು. ಅದು ತಿಳಿದ ವಾರವೇ ಅವಳು ಮೂಡಿಗೆರೆಯ ಹಾಸ್ಟೆಲಿಗೆ ಅರ್ಜಿ ಹಾಕಿದಳು. ಕೊನೆಯ ವರ್ಷ ಅಲ್ಲಿದ್ದುಕೊಂಡೇ ಓದಿದಳು. ಸೈಬರ್ ಕೆಫೆಯಲ್ಲಿ ಭಾನುವಾರ ಒಂದೊಂದು ಗಂಟೆ ಕೂತು, ಯಾರಿಗೂ ಒಪ್ಪಿಸಬೇಕಾಗಿಲ್ಲದ ಪಾಠಗಳನ್ನು ಹುಡುಕಿ ಓದುತ್ತಿದ್ದಳು. ಬೆಳಕು, ಶಬ್ದ, ವಿದ್ಯುತ್ತು. ಮೊದಲಿನ ನಗು ಮಾತ್ರ ಇರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಅವಳಿಗೆ ಆಲ್ದೂರಿನ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಕೆಲಸ ಸಿಕ್ಕಿತು. ವಿಜ್ಞಾನದ ಮೇಷ್ಟ್ರು ಇಲ್ಲದ ಆರು ತಿಂಗಳು ಎಂಟನೇ ತರಗತಿಗೆ ಅದನ್ನೂ ಮಾಡಿದಳು. ಹೊಸ ಮೇಷ್ಟ್ರು ಬಂದ ದಿನ ಮುಖ್ಯೋಪಾಧ್ಯಾಯರು, ನಿಮ್ಮದು ಆರ್ಟ್ಸ್ ಅಲ್ವಾ ಎಂದು ಪುಸ್ತಕ ವಾಪಸು ತೆಗೆದುಕೊಂಡರು. ಅವಳು ಕೊಟ್ಟಳು.

ಅದೇ ವರ್ಷ ಚಿಕ್ಕಮಗಳೂರಿನ ಒಂದು ಮದುವೆಯಲ್ಲಿ ಕೃತಿಕಾ ಸಿಕ್ಕಳು. ದೂರದಿಂದಲೇ ಕೈ ಬೀಸಿ ಬಂದು ಅಪ್ಪಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ.

"ಪ್ರೇಮ, ಫಿಸಿಕ್ಸಲ್ಲಿ ನಂಗೆ ಎ ಬಂತು ಗೊತ್ತಾ? ಎಲ್ಲ ನಿನ್ನಿಂದ. ಎಲ್ರ ಹತ್ರನೂ ಹೇಳ್ತಿರ್ತೀನಿ" ಎಂದಳು.

"ಶ್ರೀಹರಿ ಸರ್ ಹತ್ರ ಹೇಳಿದೀರಾ?" ಎಂದು ಪ್ರೇಮ ಕೇಳಿದಳು.

ಕೃತಿಕಾ ನಕ್ಕು, ಅಯ್ಯೋ ಅದೆಲ್ಲ ಈಗ ಯಾಕೆ ಎಂದು ಊಟದ ಕಡೆ ಹೋದಳು.

ಓಂಕಾರಪ್ಪನವರು ಮಗಳ ಮನೆಗೆ ತಿಂಗಳಿಗೊಮ್ಮೆ ಬರುತ್ತಾರೆ. ಹಬ್ಬಕ್ಕೆ ಅವಳೂ ಹೋಗುತ್ತಾಳೆ, ಬಂಗಲೆಯ ಮುಂದಿನ ದಾರಿ ಬಿಟ್ಟು ಹಿಂದಿನ ಕಾಲುದಾರಿಯಲ್ಲಿ. ಒಂದು ಸಲ ಅವರು, ಊಟ ಮಾಡುತ್ತಾ, ತಟ್ಟೆಯಿಂದ ಮುಖ ಎತ್ತದೆ ಕೇಳಿದರಂತೆ. "ಇನ್ನೂ ಸಿಟ್ಟಿದೆಯಾ?"

"ಇದೆ ಅಪ್ಪ" ಎಂದಳು ಅವಳು, ಮತ್ತು ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.