ಅವತ್ತು ನಕ್ಕವಳು ಯಾರು?

ನಾನು ಸಂಶಯದ ಪ್ರಾಣಿ. ಹಾಲಿನವನು ಕೊಟ್ಟ ಹಾಲನ್ನು ಬೆಳಕಿಗೆ ಹಿಡಿದು ನೋಡುವವನು, ಬೀಗ ಹಾಕಿದ ಮೇಲೂ ಜಗ್ಗಿ ಜಗ್ಗಿ ನೋಡುವವನು. ಅಂಥವನು ಅವಳಿಗಳಲ್ಲಿ ಒಬ್ಬಳನ್ನು ಮದುವೆಯಾಗಬಾರದಿತ್ತು.

ಮೊನ್ನೆ ಭಾನುವಾರ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಶೈಲಾ ಟೀವಿಯಲ್ಲಿ ಹಳೆಯ ಮೂಕಿ ಚಿತ್ರವೊಂದನ್ನು ಹಾಕಿದಳು. ನಾಯಕ ಒಬ್ಬಳನ್ನು ಪ್ರೀತಿಸಿ, ಅವಳ ಅವಳಿ ಸೋದರಿಗೆ ಹೂ ಕೊಟ್ಟು ಒದೆ ತಿನ್ನುತ್ತಾನೆ. ಶೈಲಾ ಬಿದ್ದು ಬಿದ್ದು ನಕ್ಕಳು. ಅಷ್ಟು ನಗುವಂಥದ್ದೇನಿತ್ತು? ನನ್ನ ತಲೆಯಲ್ಲಿದ್ದ ಹಳೆಯ ಹುಳ ಮತ್ತೆ ಹೊರಳಿತು.

ಹರಿಹರದಲ್ಲಿ ನಾನು ಹೆಣ್ಣು ನೋಡಿದ್ದೂ ಒಂದು ಮೂಕಿ ಚಿತ್ರವೇ. ಆ ಶಾಸ್ತ್ರದಲ್ಲಿ ಮಳೆ, ಬೆಳೆ, ಸಂಬಂಧಿಕರ ಮಂಡಿನೋವು ಎಲ್ಲದಕ್ಕೂ ಮಾತಿದೆ; ಮದುವೆಯಾಗುವ ಇಬ್ಬರಿಗೆ ಮಾತ್ರ ಸಂಭಾಷಣೆ ಬರೆದಿರುವುದಿಲ್ಲ. ಹುಡುಗಿ ಅವಲಕ್ಕಿ ತಟ್ಟೆ ಇಟ್ಟಳು, ತಲೆಯೆತ್ತಿ ಒಮ್ಮೆ ನಕ್ಕಳು, ಒಳಗೆ ಹೋದಳು. ಆ ನಗೆಗೇ ನಾನು ಒಪ್ಪಿಬಿಟ್ಟೆ. ಅವಳಿಗೊಬ್ಬ ಅವಳಿ ಅಕ್ಕನಿದ್ದಾಳೆ, ಆಕೆಗೆ ಆನಗೋಡಿನ ಗಂಡು ನಿಶ್ಚಯವಾಗಿದೆ ಎಂದು ಆಮೇಲೆ ತಿಳಿಯಿತು. ಒಬ್ಬಳನ್ನು ನೋಡಲು ಬಂದಾಗ ಇನ್ನೊಬ್ಬಳನ್ನು ಹೊರಗೆ ಬಿಡದಿರುವುದು ವಾಡಿಕೆ. ಮದುವೆಯ ದಿನ ಆ ಅಕ್ಕ ಮಂಟಪದ ಪಕ್ಕ ನಿಂತು ನಕ್ಕಳು. ಅದೇ ನಗು!

ಅಂದಿನಿಂದ ನನ್ನದು ಪತ್ತೇದಾರನ ಸಂಸಾರ. ಶೈಲಾ ನಕ್ಕಾಗಲೆಲ್ಲ ನಾನು ಜೊತೆಗೆ ನಗುವುದು ಬಿಟ್ಟು ಹೋಲಿಸುತ್ತ ಕೂರುತ್ತಿದ್ದೆ. ಹೆದರಿಕೆ ಒಂದೇ: ನಾನು ಮೆಚ್ಚಿದವಳು ಇವಳಲ್ಲದಿದ್ದರೆ?

ಮೊನ್ನೆ ಕೇಳಿಯೇಬಿಟ್ಟೆ. "ಅವತ್ತು ಅವಲಕ್ಕಿ ತಂದಾಕಿ ನೀನೇನಾ?"

ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಲ್ರಿ, ಅಕ್ಕ. ನಂಗೆ ಜ್ವರ ಬಂದಿತ್ತು. ನೀವು ಬಂದು ಕುಂತುಬಿಟ್ಟಿದ್ರಿ, ವಾಪಸ್ ಹೆಂಗೆ ಕಳ್ಸೋದು? ಮುಖ ಒಂದೇ ಐತಲ್ಲ ಅಂತ ಅವ್ವ ಅಕಿನ್ನ ಕಳಿಸಿದ್ಲು."

ನಾನು ಟೀವಿ ಆರಿಸಿದೆ. "ಮತ್ತೆ ನೀನು?"

"ಕಿಟಕಿ ಸಂದ್ಯಾಗ ನೋಡ್ತಿದ್ದೆ. ಅಕ್ಕ ಒಳಗ್ ಬಂದು, ಈತ ಬ್ಯಾಡ, ಭಾಳ ಅನುಮಾನದ ಮನುಷ್ಯ, ಅವಲಕ್ಕಿನೂ ಕೆದರಿ ಕೆದರಿ ನೋಡ್ದ ಅಂದ್ಲು. ನಾನೇ, ಇರ್ಲಿ ಬಿಡ್ರಿ, ನಂಗೆ ಹಿಡಿಸ್ಯಾನ ಅಂದೆ."

ಇಷ್ಟು ವರ್ಷ ನಾನು ಯಾರನ್ನು ನೋಡಿದೆ ಎಂದೇ ತಲೆ ಕೆಡಿಸಿಕೊಂಡಿದ್ದೆ. ನನ್ನನ್ನು ಯಾರು ನೋಡಿದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎದುರಿಗೆ ನಿಂತು ನಕ್ಕವಳು ನನ್ನನ್ನು ಬೇಡವೆಂದಿದ್ದಳು. ಜ್ವರದಲ್ಲಿ ಎದ್ದುಬಂದು ಕಿಟಕಿಗೆ ಒರಗಿ ನಿಂತವಳು ಬೇಕೆಂದಿದ್ದಳು. ನನ್ನಲ್ಲಿ ಹಿಡಿಸಿದ್ದಾದರೂ ಏನು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ. ಜೀವನದಲ್ಲಿ ಮೊದಲ ಬಾರಿಗೆ, ವಿಚಾರಣೆ ಮಾಡದೆ ನಂಬಿಬಿಟ್ಟೆ.