ಸನ್ಮಾನ ಮುಗಿಯುವವರೆಗೆ ಆನೆ ಕಾಯಬೇಕು

ಮೊನ್ನೆ ಕೊಳ್ಳೇಗಾಲದ ಸಭೆಯೊಂದರಲ್ಲಿ ಮುಖ್ಯ ಅತಿಥಿಗಳು ಭಾಷಣ ಶುರು ಮಾಡಿದ್ದರಷ್ಟೇ. ವೇದಿಕೆಯ ಮೂಲೆಯಿಂದ ಅಜ್ಜಿಯೊಬ್ಬಳು ಕಿವಿ ಕಿತ್ತುಹೋಗುವಂತೆ ಕೂಗಿದಳು: "ಆನೆ ಬಂದ್ವು ಕಣ್ರಪ್ಪೋ! ಎದ್ದೇಳ್ರಪ್ಪೋ!"

ಯಾರೂ ಏಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಜ್ಜಿ ಅಲ್ಲಿರಲಿಲ್ಲ, ಅವಳ ದನಿ ಮಾತ್ರ ಇತ್ತು. ಲೊಕ್ಕನಹಳ್ಳಿಯ ಮಂಜುಳಾ ಒಂದು ಹಳೇ ಮೊಬೈಲನ್ನು ಆಂಪ್ಲಿಫೈಯರ್‌ಗೂ ಹಾರ್ನಿಗೂ ಜೋಡಿಸಿ, ಅತ್ತೆಯ ಕೂಗನ್ನೇ ರಿಂಗ್‌ಟೋನ್ ಮಾಡಿದ್ದಾಳೆ. ರಾಗಿ ಕಾಯಲು ಅಟ್ಟಣೆ ಹತ್ತಿದವರಲ್ಲಿ ಯಾರ ಕಣ್ಣಿಗೆ ಆನೆ ಮೊದಲು ಬೀಳುತ್ತದೋ ಅವರು ಆ ನಂಬರಿಗೊಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಊರಿಗೂರೇ ತಮಟೆ, ಪಟಾಕಿ ಹಿಡಿದು ಹೊರಗೆ ಬರುತ್ತದೆ. ಮೊಬೈಲ್ ಒಬ್ಬರದು, ಹಾರ್ನ್ ಇನ್ನೊಬ್ಬರದು, ಕರೆಂಟ್ ಮತ್ತೊಬ್ಬರ ಮನೆಯದು. (ಇದಕ್ಕೆ 'ಕಮ್ಯುನಿಟಿ ಇನ್ವಾಲ್ವ್‌ಮೆಂಟ್' ಅನ್ನುತ್ತಾರೆಂದು ಪಾಪ, ಅವರಿಗೆ ಗೊತ್ತಿರಲಿಲ್ಲ.)

ಅದನ್ನು ತಿಳಿಸಿಕೊಡಲೆಂದೇ ಈ ಸಭೆ. ಸ್ಥಳೀಯ ಡಿಜಿಟಲ್ ಪ್ರತಿಭೆಗಳಿಗೆ ಪ್ರೋತ್ಸಾಹ! ಸಂಘಟಕರು ಮಂಜುಳಾಗೆ ಫೋನ್ ಮಾಡಿ, "ವಿಡಿಯೊ ನಡೆಯಲ್ಲಮ್ಮ, ಒರಿಜಿನಲ್ ಸೆಟ್ಟೇ ತಗೊಂಡು ಬಾ. ಊಟಕ್ಕೆ ಮುಂಚೆ ಫ್ರೀ ಮಾಡ್ತೀವಿ" ಅಂದಿದ್ದರು. ಊರಿಗಿರುವುದು ಒಂದೇ ಸೆಟ್. ಕತ್ತಲಾಗುವ ಮುಂಚೆ ವಾಪಸ್ ಬರುತ್ತದಲ್ಲ ಎಂದು ಊರವರು ಒಪ್ಪಿ ಕಳಿಸಿದರು.

ನಮ್ಮ ಸಭೆಗಳ ಪದ್ಧತಿ ಅವರಿಗೇನು ಗೊತ್ತು? ಮುಖ್ಯ ಅತಿಥಿಗಳು ಬಂದದ್ದೇ ಊಟವಾದ ಮೇಲೆ. ಆಮೇಲೆ ಪ್ರಾರ್ಥನೆ. ದೀಪ. ದೀಪ ಆರಿತು, ಮತ್ತೆ ದೀಪ. ಸ್ವಾಗತ ಮಾಡಿದವರಿಗೂ ಒಂದು ಸ್ವಾಗತ. ತೀರ್ಪುಗಾರನೆಂದು ಕೂತಿದ್ದ ನನಗೂ ಶಾಲು, ಮೈಸೂರು ಪೇಟ. ಟೆಕ್ನಾಲಜಿಗೂ ಪೇಟಕ್ಕೂ ಏನು ಸಂಬಂಧ ಅಂತೀರಾ? ಪೇಟವಿಲ್ಲದ ತಲೆಯಲ್ಲಿ ಐಡಿಯಾ ಹುಟ್ಟುವುದುಂಟೇ!

ಡೆಮೊಗೆಂದು ಸೆಟ್ಟನ್ನು ಬೆಳಿಗ್ಗೆಯೇ ಆನ್ ಮಾಡಿಸಿಟ್ಟಿದ್ದರು. ಮಂಜುಳಾ ವೇದಿಕೆಯ ಪಕ್ಕಕ್ಕೆ ಬಂದು, "ಸಾ, ನಾಕ್ ಗಂಟೆ ಬಸ್ಗೆ ಓಗ್ಬೇಕು ಸಾ. ಮೊಬ್ಬಾಗೋಕ್ ಮುಂಚೆ ಆರ್ನು ಊರಲ್ಲಿರ್ಬೇಕು" ಅಂದಳು.

"ಸನ್ಮಾನ ಮುಗೀಲಿ ಕಣಮ್ಮ, ಎರಡೇ ನಿಮಿಷ. ಸಾಹೇಬ್ರ ಕೈಲೇ ಉದ್ಘಾಟನೆ ಮಾಡಿಸೋಣ" ಅಂದರು ಸಂಘಟಕರು.

ಬಸ್ಸು ಹೋಯಿತು. ಹೊರಗೆ ಬೆಳಕೂ ಹೋಯಿತು. ಮುಖ್ಯ ಅತಿಥಿಗಳು ಕೊನೆಗೂ ಎದ್ದು, "ನಮ್ಮ ಹಳ್ಳಿಗಳು ಸ್ಮಾರ್ಟ್ ಆಗಬೇಕು" ಎಂದರು. ಅಜ್ಜಿ ಕೂಗಿದ್ದು ಆಗಲೇ.

"ವಾಹ್! ಏನ್ ಟೈಮಿಂಗು! ಸೂಪರ್ ಡೆಮೊ!" ಎಂದರು ಸಂಘಟಕರು ಮೈಕಿನಲ್ಲಿ.

ಮಂಜುಳಾ ಬಿಳಿಚಿಕೊಂಡಿದ್ದಳು. ಅವಳು ಫೋನ್ ಮುಟ್ಟಿರಲೇ ಇಲ್ಲ. ಆ ಕಾಲ್ ಬಂದದ್ದು ಲೊಕ್ಕನಹಳ್ಳಿಯ ಅಟ್ಟಣೆಯಿಂದ. ಹಾರ್ನ್ ನಾಲ್ಕರ ಬಸ್ಸಿಗೆ ಬಂದಿರುತ್ತದೆ ಎಂದುಕೊಂಡ ಅವಳ ಮೈದುನ ಮಾದೇಶ, ಮಿಸ್ಡ್ ಕಾಲ್ ಕೊಟ್ಟು ಊರು ಏಳುವುದನ್ನೇ ಕಾಯುತ್ತ ಕೂತಿದ್ದ.

"ಲೇ ಮಾದೇಶ, ಆರ್ನು ಇಲ್ಲೇ ಅದೆ ಕಣ್ಲಾ! ಊರೋರ್ಗೆಲ್ಲ ಫೋನ್ ಮಾಡ್ಲಾ! ನೀ ಮಾತ್ರ ಕೆಳಕ್ಕಿಳೀಬ್ಯಾಡ!" ಎಂದು ಅವಳು ತನ್ನ ಫೋನಿನಲ್ಲಿ ಕಿರುಚುತ್ತಿದ್ದಳು.

"ಸ್ವಲ್ಪ ಮೆಲ್ಲಗೆ ಮಾತಾಡಮ್ಮ, ಸಾಹೇಬ್ರು ಮಾತಾಡ್ತಿದ್ದಾರೆ" ಎಂದರು ಸಂಘಟಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಅವಳನ್ನೂ ಹಾರ್ನನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟೆ. ನಾವು ತಲುಪುವಷ್ಟರಲ್ಲಿ ಆನೆಗಳು ಊಟ ಮುಗಿಸಿ ಕಾಡು ಸೇರಿದ್ದವು. ಮಾದೇಶ ಟಾರ್ಚ್ ಹಿಡಿದು ತನ್ನ ಹೊಲದಲ್ಲಿ ನಿಂತಿದ್ದ. ತೆನೆಯೆಲ್ಲ ನೆಲಕ್ಕೆ ಹಾಸಿತ್ತು.

"ಮುಂದ್ಲ ವಾರ ಕುಯ್ಯೋರಿದ್ವಿ ಸಾ" ಅಂದ.

ನಿನ್ನೆ ಸಂಘಟಕರ ಫೋನ್ ಬಂತು. ಮಂಜುಳಾಗೆ 'ಬೆಸ್ಟ್ ಲೈವ್ ಡೆಮೊ' ಪ್ರಶಸ್ತಿಯಂತೆ. ಯಳಂದೂರಿನಲ್ಲಿ ಪ್ರದಾನ. ಸಂಜೆ ಕಾರ್ಯಕ್ರಮ. ಒರಿಜಿನಲ್ ಸೆಟ್ ತರುವುದು ಕಡ್ಡಾಯ.

ಹೇಳಿ ಸರ್, ಈ ಸಲ ಯಾರ ಹೊಲ ಕೊಡೋಣ?