ಅಕ್ಕನ ಕೈಯ ಪಾಲಿಶ್

ವಿಘ್ನೇಶ್ ಕಾರಿನಿಂದ ಇಳಿದವನೇ ಶೆಡ್ಡಿನೊಳಗೆ ಇಣುಕಿ, "ಅಕ್ಕಾ ಇಲ್ಲೈಯಾ?" ಎಂದು ತಮಿಳಿನಲ್ಲಿ ಕೇಳಿದ. ಅಕ್ಕ ಇಲ್ಲವಾ ಅಂತ. ಶೆಡ್ಡಿನ ಯಜಮಾನ ಸೂರಜ್ ಅವನ ಎದುರಿಗೇ ನಿಂತಿದ್ದ. ಅವನನ್ನು ಕಂಡೂ ಕಾಣದ ಹಾಗೆ ಗಿರಾಕಿಯ ಕಣ್ಣು ಮೂಲೆಮೂಲೆಯಲ್ಲಿ ಸೂರಜ್‌ನ ಹೆಂಡತಿ ವೀಕ್ಷಾಳನ್ನು ಹುಡುಕುತ್ತಿತ್ತು.

"ಊರಿಗೆ ಹೋಗಿದ್ದಾಳೆ," ಎಂದುಬಿಟ್ಟ ಸೂರಜ್.

ವೀಕ್ಷಾ ಆ ಹೊತ್ತಿಗೆ ಹಿಂದಿನ ಬೀದಿಯ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಸೂರಜ್ ಹುಟ್ಟಿದ್ದು ಬೆಳೆದದ್ದು ಚೆನ್ನೈಯಲ್ಲೇ. ಅಪ್ಪ ವಿಷ್ಣುಮೂರ್ತಿ ಉಡುಪಿ ಕಡೆಯಿಂದ ಬಂದು ಟಿ. ನಗರದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದವರು. ಆ ಬಿಸಿ ತನಗೆ ಬೇಡ ಎಂದು ಮಗ ಕಾರಿನ ಶೋರೂಮು ಸೇರಿದ. ಮಾಲೀಕರಿಗೆ ಕೊಡುವ ಮೊದಲು ಹೊಸ ಕಾರುಗಳನ್ನು ತೊಳೆದು ಒರೆಸುವ ಕೆಲಸ. ಅಲ್ಲಿ ಎಲ್ಲಕ್ಕೂ ಅವಸರ. ಧೂಳು ಕೂತ ಮೈಮೇಲೆ ಒಣಬಟ್ಟೆ ಗರಗರ ತಿರುಗಿಸಿ ಒರೆಸುತ್ತಿದ್ದರು. ನೆರಳಿನಲ್ಲಿ ಕಾರು ಕನ್ನಡಿ. ಬಿಸಿಲಿಗೆ ತಂದರೆ ಜೇಡರ ಬಲೆ ಹರಡಿದ ಹಾಗೆ ಸುತ್ತುಸುತ್ತಾದ ಸಣ್ಣ ಗೀರುಗಳು. ಸ್ವರ್ಲ್ ಮಾರ್ಕ್ ಅಂತಾರೆ. ಹೊಸ ಕಾರು ತಗೊಂಡವರು ಅದನ್ನು ನೋಡಿ ಮುಖ ಸಣ್ಣ ಮಾಡಿಕೊಳ್ಳುವುದನ್ನು ಕಂಡೂ ಕಂಡೂ, ಗೀರು ತೆಗೆಯುವುದನ್ನೇ ಕಲಿತು ಸೂರಜ್ ವೇಲಚೇರಿಯಲ್ಲಿ ತನ್ನದೇ ಶೆಡ್ ಹಾಕಿದ. ಒಳ್ಳೇ ಕೆಲಸಗಾರ ಅಂತ ಹೆಸರೂ ಬಂತು.

ವೀಕ್ಷಾ ಉಡುಪಿ ಕಡೆಯ ಶಂಕರಪುರದ ಹುಡುಗಿ. ಮಲ್ಲಿಗೆ ಬೆಳೆಯುವ ಮನೆ. ಸಣ್ಣವಳಿರುವಾಗಿಂದ ಬೆಳಗಾಗೆದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆಮೇಲೆ ಕಾಲೇಜಿಗೆ ಹೋದವಳು. ಮದುವೆಯಾಗಿ ಬಂದ ಹೊಸತರಲ್ಲಿ ಶೆಡ್ಡಿಗೆ ಊಟ ತರುವುದು, ಬಟ್ಟೆ ಒಗೆಯುವುದು, ಇಷ್ಟೇ ಅವಳ ಪಾಲಿಗಿದ್ದದ್ದು. ಆಮೇಲೊಂದು ಮಳೆಗಾಲ ಬೀದಿಯೆಲ್ಲ ನೀರು ನಿಂತು, ಸೂರಜ್‌ಗೆ ಚಿಕೂನ್‌ಗುನ್ಯಾ ಬಂತು. ಮಣಿಕಟ್ಟು ಊದಿ, ಕಾಫಿ ಲೋಟ ಎತ್ತುವುದೂ ಕಷ್ಟ. ಒಪ್ಪಿಕೊಂಡ ಕಾರುಗಳು ಸಾಲಾಗಿ ನಿಂತಿದ್ದವು.

"ನೀವು ಕೂತ್ಕೊಂಡು ಹೇಳಿ, ನಾನು ಮಾಡ್ತೇನೆ," ಅಂದಳು ವೀಕ್ಷಾ.

ಅವನು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟ. ಪಾಲಿಶ್ ಮಷೀನನ್ನು ಒತ್ತಬೇಡ, ಒಂದೇ ಕಡೆ ನಿಲ್ಲಿಸಬೇಡ, ಅಂಚೋ ಏಣೋ ಬಂದರೆ ಕೈ ಹಗುರ ಮಾಡು. ಹಗುರ ಮಾಡು ಎಂದು ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮೊಗ್ಗು ಬಾಡದ ಹಾಗೆ ಹಿಡಿದು ರೂಢಿಯಾದ ಕೈ. ಅವಳು ಮುಗಿಸಿದ ಮೊದಲನೇ ಕಾರಿನ ಮೇಲೆ ಸೂರಜ್ ಲೈಟು ಹಾಯಿಸಿ ನೋಡಿದ. ಒಂದು ಗೀರೂ ಇಲ್ಲ. ಆ ದಿನ ಊರಿಗೆ ಫೋನ್ ಮಾಡಿ ಮಾವನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡವನು ಅವನೇ.

ಆ ಹೆಮ್ಮೆ ಯಾವಾಗ ಹುಳಿಯಾಯಿತು ಅಂತ ಅವನಿಗೂ ಗೊತ್ತಿಲ್ಲ. ಕೈ ವಾಸಿಯಾಯಿತು, ಆದರೆ ಗಿರಾಕಿಗಳು ಅವಳನ್ನು ಬಿಡಲಿಲ್ಲ. ಹೆಂಗಸು ಮಷೀನ್ ಹಿಡಿದಿದ್ದಾಳೆ ಎಂಬ ಕುತೂಹಲ ಇರಬೇಕು ಎಂದು ಮೊದಮೊದಲು ಸಮಾಧಾನ ಹೇಳಿಕೊಂಡ. ಆದರೆ ಅವರು ಅವಳ ಮುಖ ನೋಡುತ್ತಿರಲಿಲ್ಲ, ಕಾರು ನೋಡುತ್ತಿದ್ದರು. ಕೂತು, ಬಗ್ಗಿ, ಬಿಸಿಲಿಗೆ ತಿರುಗಿಸಿ ನೋಡಿ, "ಸೂಪರ್‌ಕ್ಕಾ," ಅನ್ನುತ್ತಿದ್ದರು. ಒಬ್ಬರಂತೂ ಸೂರಜ್ ಮಾಡಿದ ಕಾರನ್ನು ಹೊಗಳಿ, "ಇದು ಅಕ್ಕನ ಕೈಯೇ, ನೋಡಿದ ಕೂಡ್ಲೆ ಗೊತ್ತಾಗುತ್ತೆ," ಎಂದರು. ಅವನು ತಿದ್ದಲಿಲ್ಲ.

ಆಮೇಲೆ ಅವನ ಸಣ್ಣಸಣ್ಣ ಕಿತಾಪತಿಗಳು ಶುರುವಾದವು. ಅವಳು ಒರೆಸಿ ಮುಗಿಸಿದ ಬಾಗಿಲನ್ನು ಗಿರಾಕಿಯ ಎದುರಿಗೇ ಇನ್ನೊಮ್ಮೆ ಒರೆಸುವುದು. ಮಷೀನಿಗೆ ಸಿಕ್ಕಿಸುವ ಹೊಸ ಪ್ಯಾಡ್ ಬಂದರೆ ಅದನ್ನು ತನ್ನ ಡಬ್ಬದಲ್ಲಿಟ್ಟು ಹಳೆಯದನ್ನು ಅವಳ ಕಡೆ ಸರಿಸುವುದು. ಹಳೆಯ ಪ್ಯಾಡಿನಲ್ಲೂ ಅವಳು ಕಾರನ್ನು ಹೊಳೆಸಿದಾಗ ಅವನಿಗೆ ಇನ್ನಷ್ಟು ಉರಿ. ವೀಕ್ಷಾಳಿಗೆ ಇದು ತಿಳಿಯುತ್ತಿತ್ತೋ ಇಲ್ಲವೋ, ಅವಳು ಆಡಿ ತೋರಿಸಲಿಲ್ಲ.

ವಿಘ್ನೇಶ್ ತಂದದ್ದು ಕಪ್ಪು ಕಾರು, ಹೊಚ್ಚ ಹೊಸತು. ಫ್ಲಾಟಿನ ವಾಚ್‌ಮನ್ ದಿನಾ ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಮೈಯೆಲ್ಲ ಬಲೆ ಕಟ್ಟಿತ್ತು. ಗೀರು ತೆಗೆದು, ಇನ್ನು ಮುಂದೆ ಬೀಳದ ಹಾಗೆ ಸೆರಾಮಿಕ್ ಕೋಟಿಂಗ್ ಹಾಕಬೇಕು.

"ಅಕ್ಕ ಬರೋವರೆಗೆ ಕಾಯ್ಲಾ ಅಣ್ಣಾ?"

"ಅವಳಿಗೆ ಕಲಿಸಿದವನೇ ನಾನಪ್ಪಾ," ಎಂದು ಸೂರಜ್ ನಕ್ಕ. "ಸಾಯಂಕಾಲ ಬಂದು ನೋಡು."

ಅವನು ಹೋದ ಮೇಲೆ ಸೂರಜ್ ತನ್ನ ಹಳೆಯ ದೊಡ್ಡ ಮಷೀನು ಇಳಿಸಿದ. ಚಿಕ್ಕ ಮಷೀನು ನಿಧಾನ, ಅದು ವೀಕ್ಷಾಳದು. ಅವಳು ಎರಡು ದಿನ ತೆಗೆದುಕೊಳ್ಳುವುದನ್ನು ತಾನು ಸಂಜೆಯೊಳಗೆ ಮುಗಿಸಬೇಕು, ಇವನ ಬಾಯಲ್ಲಿ ಇನ್ನೊಮ್ಮೆ ಅಕ್ಕ ಎಂಬ ಮಾತು ಬರಬಾರದು. ಗಡಸು ಪೇಸ್ಟು ಹಾಕಿದ. ಬಾಗಿಲುಗಳು ಚೆನ್ನಾಗೇ ಬಂದವು. ಬಾನೆಟ್ಟಿಗೆ ಬಂದಾಗ, ನಡುವೆ ಉಬ್ಬಿದ ಏಣಿನ ಹತ್ತಿರ ಒಂದಷ್ಟು ಗೀರು ಹಟ ಹಿಡಿದಿದ್ದವು. ಒತ್ತಿದ. ಹೋಗಲಿಲ್ಲ. ಇನ್ನೂ ಒತ್ತಿದ. ಕೈ ಹಗುರ ಮಾಡು ಎಂದು ಕಲಿಸಿದ ಜಾಗವೇ ಅದು.

ಬಿಸಿಯಾದ ಬಣ್ಣದ ವಾಸನೆ ಬಂತು. ಮಷೀನು ಎತ್ತಿ ನೋಡಿದರೆ ಪ್ಯಾಡಿನ ತುಂಬ ಕಪ್ಪು. ಮೇಲಿನ ಪಾರದರ್ಶಕ ಪದರ ಸುಟ್ಟುಹೋಗಿ, ಏಣಿನ ಉದ್ದಕ್ಕೂ ಬೆರಳಗಲದ ಮಂಕು ಪಟ್ಟಿ. ಪಾಲಿಶ್ ಮಾಡಿ ಸರಿಯಾಗುವಂಥದ್ದಲ್ಲ ಅದು. ಮತ್ತೆ ಬಣ್ಣವೇ ಹೊಡೆಯಬೇಕು. ಇಷ್ಟು ವರ್ಷದ ಕೆಲಸದಲ್ಲಿ ಅವನು ಎಂದೂ ಬಣ್ಣ ಸುಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ವೀಕ್ಷಾ ಊಟದ ಕ್ಯಾರಿಯರ್ ಹಿಡಿದು ಬಂದಳು. ಬಾನೆಟ್ ನೋಡಿದಳು. ಕ್ಯಾರಿಯರ್ ಕೆಳಗಿಟ್ಟಳು.

"ಇದೆಂತ ಮಾಡಿದ್ದು ನೀವು?"

"ಪೇಂಟ್ ತೆಳು ಇತ್ತು."

"ಅಳತೆ ನೋಡಿದ್ರಾ?"

ಬಣ್ಣದ ದಪ್ಪ ಅಳೆಯುವ ಮೀಟರ್ ಕಪಾಟಿನಲ್ಲೇ ಇತ್ತು. "ಮೇಲೆ ಕೋಟಿಂಗ್ ಎಳೆದ್ರೆ ಸದ್ಯಕ್ಕೆ ಕಾಣೋದಿಲ್ಲ," ಎಂದ.

"ಬಿಸಿಲಿಗೆ ಕಾಣ್ತದೆ. ನಿಮಗೆ ಗೊತ್ತುಂಟು."

ಅವರು ಹಾಗೆ ನಿಂತಿರುವಾಗಲೇ ವಿಘ್ನೇಶ್ ಬೈಕಿನಲ್ಲಿ ಬಂದಿಳಿದ. ಆಫೀಸಿನಲ್ಲಿ ಕೂತು ಮನಸ್ಸು ತಡೆಯಲಿಲ್ಲವಂತೆ. ವೀಕ್ಷಾಳನ್ನು ನೋಡಿ ಅವನ ಮುಖ ಅರಳಿತು.

"ಅಕ್ಕಾ! ಊರಿಗೆ ಹೋಗಿದ್ದೀರಿ ಅಂದ್ರಲ್ಲ ಅಣ್ಣ?"

ವೀಕ್ಷಾ ಗಂಡನ ಕಡೆ ತಿರುಗಿದಳು. ಸುಟ್ಟ ಬಾನೆಟ್ ನೋಡಿದಾಗ ಇಲ್ಲದ ಒಂದು ನೋಟ ಈಗ ಅವಳ ಕಣ್ಣಿನಲ್ಲಿತ್ತು. ಹಳೆಯ ಪ್ಯಾಡು, ಒರೆಸಿದ್ದನ್ನೇ ಒರೆಸುವುದು, ಎಲ್ಲ ಒಂದಕ್ಕೊಂದು ಸೇರಿ ಅವಳಿಗೆ ಅರ್ಥವಾಗುತ್ತಿರುವುದನ್ನು ಸೂರಜ್ ನಿಂತಲ್ಲೇ ನೋಡಿದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

"ಈಗ ಬಂದೆ," ಎಂದಳು ವೀಕ್ಷಾ ತಮಿಳಿನಲ್ಲಿ. "ಅಣ್ಣ ನಿಮ್ಮ ಹತ್ರ ಏನೋ ಹೇಳ್ಬೇಕಂತೆ." ಕ್ಯಾರಿಯರ್ ಅಲ್ಲೇ ಬಿಟ್ಟು ಮನೆಗೆ ನಡೆದಳು.

ಸೂರಜ್ ಹೇಳಿದ. ವಿಘ್ನೇಶ್ ಕೂಗಾಡಿದ, ಆಮೇಲೆ ಬಾನೆಟ್ಟಿನ ಮಂಕು ಪಟ್ಟಿಯ ಮೇಲೆ ಮೆಲ್ಲಗೆ ಬೆರಳು ಎಳೆದ. ಅದು ಕೂಗಾಟಕ್ಕಿಂತ ಕಷ್ಟವಾಗಿತ್ತು. ರಾಯಪುರಂನಲ್ಲಿ ಗುರುತಿನವರ ಪೇಂಟ್ ಶೆಡ್ಡಿಗೆ ಕಾರು ಹೋಯಿತು. ಹೊಸ ಬಣ್ಣ ಒಳಗಿಂದ ಗಟ್ಟಿಯಾಗಲು ಒಂದು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕೋಟಿಂಗ್ ಮುಟ್ಟುವ ಹಾಗಿಲ್ಲ.

ವೀಕ್ಷಾ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದಳು. ಜಗಳವಿಲ್ಲ. ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಕ್ಕ ಎಲ್ಲಿ ಎಂದು ಕೇಳಿದವರಿಗೆಲ್ಲ ಸೂರಜ್, "ಬರೋದಿಲ್ಲ," ಎಂದ. ಈಗ ಅದು ನಿಜವೇ. ಶೆಡ್ಡು ಮೊದಲಿನ ಹಾಗೆ ಅವನೊಬ್ಬನದಾಗಿತ್ತು, ಬಯಸಿದ್ದೂ ಅದನ್ನೇ. ಆದರೆ ಪ್ರತಿ ಕಾರು ಮುಗಿಸಿದಾಗಲೂ ಲೈಟು ಹಾಯಿಸಿ, ಅವಳಾಗಿದ್ದರೆ ಇಲ್ಲಿ ಹೇಗೆ ಮಾಡುತ್ತಿದ್ದಳು ಎಂದು ನೋಡುವುದು ತಪ್ಪಲಿಲ್ಲ. ಎದುರಿಗಿದ್ದಾಗ ಅಷ್ಟು ಚುಚ್ಚದವಳು, ಇಲ್ಲದಾಗ ಹೆಚ್ಚು ಚುಚ್ಚಿದಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ವೀಕ್ಷಾಳ ಫೋನ್ ರಿಂಗಾಯಿತು. ವಿಘ್ನೇಶ್. ಅವನು ಕರೆದದ್ದು ಅವಳನ್ನು. ಸೂರಜ್ ಇಡ್ಲಿ ಮುರಿಯುತ್ತಿದ್ದ ಕೈ ಹಾಗೇ ನಿಲ್ಲಿಸಿ ಕೇಳಿಸಿಕೊಂಡ.

"ಶೆಡ್ಡಿಗೇ ತನ್ನಿ," ಎಂದಳು ಅವಳು. ಫೋನ್ ಇಟ್ಟು ಗಂಡನ ಎದುರು ಕೂತಳು.

"ನಾನು ಬರ್ತೇನೆ. ಆದ್ರೆ ನಾನು ಇರುವಾಗ ಇಲ್ಲ ಅಂತ ಹೇಳುದು ಇನ್ನು ಬೇಡ. ನನ್ನನ್ನು ಕಂಡ್ರೆ ಆಗುದಿಲ್ಲ ಅಂತಾದ್ರೆ ನನ್ನ ಹತ್ರ ಹೇಳಿ. ಗಿರಾಕಿಗಳ ಹತ್ರ ಅಲ್ಲ."

"ಆಗೋದಿಲ್ಲ ಅಂತಲ್ಲ," ಎಂದ ಸೂರಜ್. "ಹೊಟ್ಟೆಕಿಚ್ಚು ವೀಕ್ಷಾ. ಎಂತ ಮಾಡ್ಲಿ? ನಿನ್ನ ಕೈ ನನಗೆ ಬರೋದಿಲ್ಲ."

ಅವಳು ಎದ್ದು ಇನ್ನೊಂದು ಇಡ್ಲಿ ಹಾಕಿದಳು.

ಕಪ್ಪು ಕಾರಿಗೆ ಎರಡು ದಿನ ಹಿಡಿಯಿತು. ಹೊಸ ಬಣ್ಣದ ಬಾನೆಟ್ಟನ್ನು ಅವಳೇ ಪಾಲಿಶ್ ಮಾಡಿದಳು. ಕೋಟಿಂಗ್ ದ್ರವ ಹಚ್ಚಿ, ಒಣಗುವ ಮುಂಚೆ ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಅವಳು ಹಚ್ಚುತ್ತ ಹೋದಳು, ಅವನು ಹಿಂದಿನಿಂದ ಒರೆಸುತ್ತ ಹೋದ. ವಿಘ್ನೇಶ್ ಬಂದು ಕಾರನ್ನು ಬಿಸಿಲಿಗೆ ತಂದು ನೋಡಿ, ಅವಳಿಗೆ ಮಾತ್ರ ಕೈಮುಗಿದು ಹೋದ. ಸೂರಜ್‌ಗೆ ಎದೆಯಲ್ಲಿ ಚುಳ್ ಅಂದಿತು.

ಈಗಲೂ ಅನ್ನುತ್ತದೆ. ಶೆಡ್ಡಿನ ಬೋರ್ಡಿನಲ್ಲಿ ಅವಳ ಹೆಸರನ್ನೂ ಬರೆಸಿದ್ದಾನೆ, ಬರೆಸಿದ ದಿನವೇ ಸ್ವಲ್ಪ ಪಶ್ಚಾತ್ತಾಪವೂ ಪಟ್ಟ. ಕೆಲವು ದಿನ ಯಾರಾದರೂ ಅವಳನ್ನು ವಿಪರೀತ ಹೊಗಳಿ ಹೋದಾಗ, "ಇವತ್ತು ಹೊಟ್ಟೆಕಿಚ್ಚು ಜಾಸ್ತಿ ಉಂಟು," ಎನ್ನುತ್ತಾನೆ.

"ಇರ್ಲಿ," ಎನ್ನುತ್ತಾಳೆ ವೀಕ್ಷಾ, ಮಷೀನಿನಿಂದ ಕಣ್ಣೆತ್ತದೆ. "ಆ ಹೊಸ ಪ್ಯಾಡ್ ಇತ್ತ ಕೊಡಿ."

ಅವನು ಕೊಡುತ್ತಾನೆ.